ಪರದೇಶದ ಕೋಣೆಯಲ್ಲಿ ವೈದ್ಯನಾಗುವ ಮುನ್ನ

ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಮ್ಮ ಸಹೋದರರ ಕುರಿತು ಊರಿನಲ್ಲಿ ಮಾತು ಬಂದಾಗಲೆಲ್ಲ ಸಂಬಳ, ವೀಸಾ, ರಜೆ ಮತ್ತು ವಿಮಾನದ ಟಿಕೆಟ್ ಇವಿಷ್ಟೇ ಚರ್ಚೆಯಾಗುತ್ತವೆ. ಅಲ್ಲಿ ಆತ ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ. ಉತ್ತರ ಬಹಳ ಸರಳ. ಪಕ್ಕದ ಮಂಚದಲ್ಲಿ ಮಲಗುವವನೇ ಆತನ ತಾಯಿ, ಪತ್ನಿ, ದಾದಿ ಮತ್ತು ಬಹಳಷ್ಟು ಸಲ ವೈದ್ಯ. ದುಬೈಯ ಸೋನಾಪುರ, ಅಬುಧಾಬಿಯ ಮುಸಫ್ಫಾ, ರಿಯಾದಿನ ಬತ್ಹಾ, ದೋಹಾದ ಕೈಗಾರಿಕಾ ಪ್ರದೇಶ ಎಲ್ಲೆಡೆಯೂ ಇದೇ ಸ್ಥಿತಿ. ಕೋಣೆಗೊಂದು ಔಷಧದ ಡಬ್ಬಿ, ಕಟ್ಟಡಕ್ಕೊಬ್ಬ ‘ಮದ್ದು ಗೊತ್ತಿರುವವನು’.

ಈ ವ್ಯವಸ್ಥೆಯ ಹಿಂದಿರುವ ಮನುಷ್ಯತ್ವವನ್ನು ನಾವು ಮೊದಲು ಗೌರವಿಸಬೇಕು. ಹನ್ನೆರಡು ಗಂಟೆ ದುಡಿದು ಬಂದವನು ಜ್ವರ ಬಂದ ಗೆಳೆಯನಿಗೆ ಗಂಜಿ ಬೇಯಿಸುತ್ತಾನೆ, ಆತನ ಬಟ್ಟೆ ಒಗೆಯುತ್ತಾನೆ, ರಾತ್ರಿಯಿಡೀ ಹಣೆಗೆ ತಣ್ಣೀರಿನ ಬಟ್ಟೆ ಹಾಕುತ್ತಾನೆ. ಆ ಗೆಳೆಯ ಯಾವ ಊರಿನವನು, ಯಾವ ಧರ್ಮದವನು ಎಂದು ಕೇಳುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ದುಬೈಯ ನಾಯಿಫ್ ಪರಿಸರ ಮುಚ್ಚಲ್ಪಟ್ಟಿದ್ದಾಗ ಸ್ವಯಂಸೇವಕರು ಬಾಗಿಲು ಬಾಗಿಲಿಗೆ ಊಟ, ಔಷಧ ತಲುಪಿಸಿದುದನ್ನು ಮರೆಯಲಾದೀತೇ? ರೋಗಿಯ ಸೇವೆಯನ್ನು ಇಬಾದತ್ ಎಂದು ಕಲಿಸಿದ ಧರ್ಮದ ಅನುಯಾಯಿಗಳಿಗೆ ಇದು ಹೆಮ್ಮೆಯ ವಿಷಯ.

ಆದರೆ ಸೇವೆ ಬೇರೆ, ಚಿಕಿತ್ಸೆ ಬೇರೆ. ಇವೆರಡರ ನಡುವಿನ ಗೆರೆ ಅಳಿಸಿಹೋದಲ್ಲಿ ಕರುಣೆಯೇ ಜೀವಕ್ಕೆ ಮುಳುವಾಗುತ್ತದೆ. ಎದೆ ಬಿಗಿಯುತ್ತಿದೆ ಎಂದವನಿಗೆ ‘ಅದು ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿಸಿ, ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸುವ ಅಭ್ಯಾಸವನ್ನೇ ನೋಡಿ. ಹೃದಯಾಘಾತದ ಲಕ್ಷಣವೂ ಎಷ್ಟೋ ಸಲ ಹೊಟ್ಟೆಯುರಿಯಂತೆಯೇ ತೋರುತ್ತದೆ. ಇಸಿಜಿ ಇಲ್ಲದೆ ಇವೆರಡನ್ನು ಬೇರ್ಪಡಿಸಲು ನುರಿತ ವೈದ್ಯನೂ ಹಿಂಜರಿಯುತ್ತಾನೆ. ಕೋಣೆಯ ಗೆಳೆಯ ಮಾತ್ರ ಹಿಂಜರಿಯುವುದಿಲ್ಲ. ಹೃದಯಕ್ಕೆ ರಕ್ತ ನಿಂತ ಮೇಲೆ ಪ್ರತಿ ನಿಮಿಷಕ್ಕೂ ಸ್ನಾಯು ಸಾಯುತ್ತದೆ. ಬೆಳಗಿನವರೆಗೆ ಕಾಯೋಣ ಎಂಬ ಸಲಹೆಯೇ ಕೊನೆಯ ಸಲಹೆಯಾಗಿಬಿಡಬಹುದು.

ಮೈಕೈ ನೋವಿನ ಮಾತ್ರೆಯದ್ದೂ ಇದೇ ಕಥೆ. ಉರಿಬಿಸಿಲಿನಲ್ಲಿ ದುಡಿದು ಬೆವರಾಗಿ ನೀರು ಕಳೆದುಕೊಂಡವನು ದಿನಾ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ನೋವು ಹೋಯಿತೆಂದು ಆತ ನೆಮ್ಮದಿಯಿಂದಿರುತ್ತಾನೆ. ಕೆಲವು ವರ್ಷಗಳ ಬಳಿಕ ಡಯಾಲಿಸಿಸ್‌ಗಾಗಿ ಊರಿಗೆ ಮರಳುತ್ತಾನೆ. ಒಬ್ಬನಿಗೆ ಬರೆದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಇನ್ನೊಬ್ಬನಿಗೆ ಹಂಚುವುದು, ಮೂರು ದಿನ ಆಂಟಿಬಯೋಟಿಕ್ ತಿಂದು ಉಳಿದುದನ್ನು ಮುಂದಿನ ಜ್ವರಕ್ಕೆ ತೆಗೆದಿಡುವುದು ಇವೂ ಇದೇ ಸಾಲಿಗೆ ಸೇರುತ್ತವೆ.

ಈ ವಿಷಯದಲ್ಲಿ ಇಸ್ಲಾಮಿನ ನಿಲುವೇನು? ರೋಗಕ್ಕೆ ಔಷಧವನ್ನು ಅರಸಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ವೈದ್ಯವನ್ನು ಅರಿಯದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದೂ ಅವರು ಎಚ್ಚರಿಸಿದ್ದಾರೆ. ಅಬೂದಾವೂದ್, ನಸಾಈ ಮತ್ತು ಇಬ್ನುಮಾಜಃ ಈ ಹದೀಸನ್ನು ವರದಿ ಮಾಡಿದ್ದಾರೆ. ಜನರ ಹಿತಕ್ಕಾಗಿ ನಿರ್ಬಂಧಿಸಬೇಕಾದವರಲ್ಲಿ ಇಮಾಮ್ ಅಬೂಹನೀಫಾ(ರ)ರು ಲಜ್ಜೆಯಿಲ್ಲದ ಮುಫ್ತಿಯ ಜೊತೆಗೆ ಅಜ್ಞಾನಿ ವೈದ್ಯನನ್ನೂ ಎಣಿಸಿದ್ದಾರೆ. ಒಬ್ಬ ಧರ್ಮವನ್ನು ಕೆಡಿಸುತ್ತಾನೆ, ಇನ್ನೊಬ್ಬ ದೇಹವನ್ನು. ಸದುದ್ದೇಶವಿತ್ತು ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯ ಡೇರೆಯಲ್ಲಿ ಉಪಚರಿಸಿದವರು ರುಫೈದಾ(ರ). ಗಾಯಾಳುಗಳ ಆರೈಕೆಯಲ್ಲಿ ಪಳಗಿದವರೆಂಬ ಕಾರಣಕ್ಕೇ ಅವರಿಗೆ ಆ ಹೊಣೆ ಬಂದಿತ್ತು. ನೆರೆಯವನ ಹಕ್ಕು ಮತ್ತು ಅರಿವಿನ ಹೊಣೆ ಎರಡನ್ನೂ ಒಟ್ಟಿಗೆ ಹೊರುವುದೇ ನಮ್ಮ ಪರಂಪರೆ.

ಕಾನೂನಿನ ದೃಷ್ಟಿಯೂ ಕಠಿಣವಾಗಿದೆ. ಗಲ್ಫ್ ರಾಷ್ಟ್ರಗಳಲ್ಲಿ ಪರವಾನಿಗೆಯಿಲ್ಲದೆ ಚಿಕಿತ್ಸೆ ನೀಡುವುದು ಶಿಕ್ಷಾರ್ಹ. ಊರಿನಲ್ಲಿ ನರ್ಸಿಂಗ್ ಕಲಿತವರಾದರೂ ಅಲ್ಲಿನ ಪರವಾನಿಗೆಯಿಲ್ಲದೆ ಕೋಣೆಯಲ್ಲಿ ಚುಚ್ಚುಮದ್ದು ಕೊಡುವಂತಿಲ್ಲ. ಊರಿನಿಂದ ಬರುವವರ ಕೈಯಲ್ಲಿ ಔಷಧ ಕಳುಹಿಸುವುದು ಇನ್ನೂ ಅಪಾಯಕಾರಿ. ಟ್ರಮಡಾಲ್, ಕೋಡೀನ್ ಬೆರೆತ ಕೆಮ್ಮಿನ ಸಿರಪ್, ಕೆಲವು ನಿದ್ರೆಯ ಮಾತ್ರೆಗಳು ಅಲ್ಲಿ ಮಾದಕ ದ್ರವ್ಯಗಳ ನಿಯಂತ್ರಣಕ್ಕೆ ಒಳಪಟ್ಟಿವೆ. ನಮ್ಮ ಅಡುಗೆಮನೆಯ ಗಸಗಸೆ ಕೂಡ ಯುಎಇಯಲ್ಲಿ ನಿಷಿದ್ಧ. ನಿಯಂತ್ರಿತ ಔಷಧವನ್ನು ಸ್ವಂತ ಬಳಕೆಗೆ ಕೊಂಡೊಯ್ಯುವುದಾದರೂ ಅಲ್ಲಿನ ಆರೋಗ್ಯ ಸಚಿವಾಲಯದ ಮುಂಗಡ ಅನುಮತಿ ಬೇಕು. ಪರರ ಪೊಟ್ಟಣ ಹೊತ್ತು ವಿಮಾನವೇರಿದವನು ‘ಒಳಗೇನಿತ್ತೋ ನನಗೆ ತಿಳಿಯದು’ ಎಂದರೆ ನ್ಯಾಯಾಲಯ ಒಪ್ಪಬೇಕೆಂದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಕಾರ್ಮಿಕನ ಅಜ್ಞಾನದ ಮೇಲೆ ಹೊರಿಸುವುದು ಅನ್ಯಾಯ. ಆತ ಆಸ್ಪತ್ರೆಗೆ ಹೋಗಲು ಏಕೆ ಅಂಜುತ್ತಾನೆ? ಒಂದು ದಿನದ ಗೈರುಹಾಜರಿಗೆ ಸಂಬಳ ಕಡಿತ. ಕಾಯಿಲೆ ಬಯಲಾದರೆ ಇಕಾಮ ನವೀಕರಣವಾಗದೆಂಬ ಭಯ. ಈ ಭಯದಿಂದಲೇ ವಾರಗಟ್ಟಲೆ ಕೆಮ್ಮನ್ನು ಅಡಗಿಸಿಟ್ಟು ಇಡೀ ಕೋಣೆಗೆ ಕ್ಷಯ ಹರಡುವವರಿದ್ದಾರೆ. ಇನ್ನು ಕಾಗದಪತ್ರದ ಅವಧಿ ಮುಗಿದವನಿಗಂತೂ ಆಸ್ಪತ್ರೆಯ ಬಾಗಿಲೇ ಪೊಲೀಸ್ ಠಾಣೆಯಂತೆ ಕಾಣುತ್ತದೆ. ಸೌದಿ ಅರೇಬಿಯದಲ್ಲಿ ಖಾಸಗಿ ವಲಯದ ವಿದೇಶಿ ನೌಕರರಿಗೆ ಉದ್ಯೋಗದಾತನೇ ಆರೋಗ್ಯ ವಿಮೆ ಮಾಡಿಸಬೇಕೆಂಬ ಕಾನೂನು 1999ರಲ್ಲೇ ಬಂದಿದೆ. ಯುಎಇಯಲ್ಲಿ 2025ರ ಜನವರಿ 1ರಿಂದ ಈ ನಿಯಮ ಎಲ್ಲ ಎಮಿರೇಟ್‌ಗಳಿಗೂ, ಮನೆಗೆಲಸದವರಿಗೂ ವಿಸ್ತರಿಸಿದೆ. ಆದರೆ ವಿಮೆಯ ಕಾರ್ಡು ಎಲ್ಲಿದೆ, ಅದು ಯಾವ ಕ್ಲಿನಿಕ್ಕಿನಲ್ಲಿ ನಡೆಯುತ್ತದೆ ಎಂದು ತಿಳಿಯದ ಕಾರ್ಮಿಕರು ಎಷ್ಟು ಮಂದಿ! ಕಾನೂನು ಕಡತದಲ್ಲಿದ್ದು, ಕಾರ್ಮಿಕ ಕೋಣೆಯಲ್ಲಿ ನರಳಿದರೆ ಪ್ರಯೋಜನವೇನು?

ನಮ್ಮ ಸರಕಾರವೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಸಂಕಷ್ಟದಲ್ಲಿರುವ ಅನಿವಾಸಿಗಳ ತುರ್ತು ಚಿಕಿತ್ಸೆಗೂ ನೆರವಾಗಲೆಂದು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪನೆಯಾಯಿತು. ದೂತಾವಾಸಗಳಲ್ಲಿ ಕಾನ್ಸುಲರ್ ಸೇವೆಗೆ ಪಡೆಯುವ ಶುಲ್ಕದೊಂದಿಗೆ ಅನಿವಾಸಿಗಳೇ ತೆರುವ ಹಣ ಅದಕ್ಕೆ ಸೇರುತ್ತದೆ. ತಮ್ಮದೇ ಹಣವನ್ನು ಕೇಳುವ ಹಕ್ಕು ತಮಗಿದೆಯೆಂದು ಕ್ಯಾಂಪಿನ ಕಾರ್ಮಿಕನಿಗೆ ತಿಳಿಸುವವರು ಯಾರು? ವಿದೇಶಾಂಗ ಅಧಿಕಾರಿಗಳು ಸಭಾಂಗಣದ ಸಮಾರಂಭಗಳಿಗೆ ಕೊಡುವ ಸಮಯದ ಒಂದಂಶವನ್ನು ಕ್ಯಾಂಪುಗಳಿಗೆ ಕೊಡಲಿ.

ಸಮುದಾಯದ ಮುಂದಿರುವ ಕರ್ತವ್ಯವೂ ಸ್ಪಷ್ಟವಾಗಿದೆ. ಮಂಗಳೂರು, ಉಡುಪಿ, ಭಟ್ಕಳ, ಪುತ್ತೂರು ಪರಿಸರದ ಹತ್ತಾರು ಸಂಘಟನೆಗಳು ಗಲ್ಫಿನಲ್ಲಿವೆ. ಇಫ್ತಾರ್ ಕೂಟ, ಕ್ರೀಡಾಕೂಟ, ಸನ್ಮಾನ ಎಲ್ಲವೂ ನಡೆಯುತ್ತವೆ. ಇವುಗಳ ಜೊತೆಗೆ ಪ್ರತಿ ಸಂಘಟನೆಯೂ ಕನ್ನಡ, ಬ್ಯಾರಿ, ಉರ್ದು, ಮಲಯಾಳಂ ಬಲ್ಲ ಪರವಾನಿಗೆಯುಳ್ಳ ವೈದ್ಯರ ಪಟ್ಟಿಯೊಂದನ್ನು ತನ್ನ ಸದಸ್ಯರಿಗೆ ಒದಗಿಸಲಿ. ರಾತ್ರಿ ಕರೆದರೆ ಬರುವ ಒಂದು ವಾಹನ, ಆಸ್ಪತ್ರೆಯಲ್ಲಿ ಅರಬಿ ಮಾತನಾಡಬಲ್ಲ ಒಬ್ಬ ಜೊತೆಗಾರ, ಸಂಬಳ ಕಡಿತವಾದವನ ಮನೆಗೆ ಆ ತಿಂಗಳ ರೇಷನ್ ತಲುಪಿಸುವ ಒಂದು ಸಣ್ಣ ನಿಧಿ, ಇವಿಷ್ಟಿದ್ದರೆ ಎಷ್ಟೋ ಜೀವಗಳು ಉಳಿದಾವು. ಕೋಣೆಯ ‘ಮದ್ದು ಗೊತ್ತಿರುವವನನ್ನು’ ದೂರ ತಳ್ಳುವುದು ಬೇಡ. ಜನ ಆತನನ್ನು ನಂಬುತ್ತಾರೆ. ಆತನಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಿ. ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಬಿಸಿಲಿಗೆ ಪ್ರಜ್ಞೆ ತಪ್ಪುವುದು ಇವು ಕಂಡೊಡನೆ ಮಾತ್ರೆಯ ಡಬ್ಬಿಗೆ ಕೈ ಹಾಕದೆ ಫೋನಿಗೆ ಕೈ ಹಾಕಲು ಕಲಿಸಿ. ಆಂಬುಲೆನ್ಸ್‌ಗೆ ಸೌದಿಯಲ್ಲಿ 997, ಯುಎಇಯಲ್ಲಿ 998, ಕತಾರ್‌ನಲ್ಲಿ 999, ಕುವೈತ್‌ನಲ್ಲಿ 112. ಈ ಸಂಖ್ಯೆ ಕೋಣೆಯ ಗೋಡೆಯ ಮೇಲಿರಲಿ.

ಊರಿನ ಕುಟುಂಬಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. ಮಗನಿಗೆ, ಗಂಡನಿಗೆ ಮದ್ದಿನ ಪೊಟ್ಟಣ ಕಳುಹಿಸುವ ಬದಲು ಆತನ ಹಳೆಯ ವೈದ್ಯರ ಚೀಟಿ ಮತ್ತು ಪರೀಕ್ಷೆಯ ವರದಿಗಳನ್ನು ಕಳುಹಿಸಿರಿ. ಫೋನಿನಲ್ಲಿ ‘ಹಣ ಯಾವಾಗ ಕಳುಹಿಸುತ್ತೀರಿ’ ಎಂದು ಕೇಳುವ ಮೊದಲು ‘ರಕ್ತದೊತ್ತಡ ಪರೀಕ್ಷಿಸಿದಿರಾ’ ಎಂದು ಕೇಳಿರಿ. ಸಂಬಳ ಕಡಿತವಾದರೂ ಚಿಂತೆಯಿಲ್ಲ, ಮೊದಲು ವೈದ್ಯರ ಬಳಿ ಹೋಗಿ ಎಂಬ ಮಾತು ಮನೆಯಿಂದಲೇ ಬರಬೇಕು. ಆ ಒಂದು ಮಾತಿಗಾಗಿ ಕಾದು ಕುಳಿತವರು ಆ ಕೋಣೆಗಳಲ್ಲಿ ಬಹಳ ಮಂದಿ ಇದ್ದಾರೆ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಕುರ್‌ಆನ್ ಬೋಧಿಸಿದೆ. ನೆರೆಯವನನ್ನು ಸಕಾಲದಲ್ಲಿ ಸರಿಯಾದ ವೈದ್ಯನ ಬಾಗಿಲಿಗೆ ತಲುಪಿಸಿದವನೂ ಆ ಸಾಲಿನಲ್ಲೇ ಇದ್ದಾನೆಂಬುದು ನಮ್ಮ ದೃಢವಾದ ನಂಬಿಕೆ.