ಡೀಸೆಲ್ ಎಲ್ಲಿ ಹೋಯಿತು?

ಮನೆಯಲ್ಲಿ ಸಕ್ಕರೆ ಬೇಗ ಮುಗಿದರೆ ಮೊದಲು ಸಂದೇಹ ಹುಟ್ಟುವುದು ಅಡುಗೆಯವಳ ಮೇಲೆ. ಕಾರಿನಲ್ಲಿ ಡೀಸೆಲ್ ಬೇಗ ಮುಗಿದರೆ ಚಾಲಕನ ಮೇಲೆ. ಡಬ್ಬಿಗೆ ಇರುವೆ ಹತ್ತಿರಬಹುದೆಂದಾಗಲಿ, ಕಾರಿನ ಹೊಟ್ಟೆಯಲ್ಲಿ ಏನೋ ಕೆಟ್ಟಿರಬಹುದೆಂದಾಗಲಿ ಆ ಹೊತ್ತಿಗೆ ಯಾರಿಗೂ ತೋಚುವುದಿಲ್ಲ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನಡೆಯಬಹುದಾದ ಸಂಗತಿಯಿದು. ಹನ್ನೆರಡು ವರ್ಷ ಹಳೆಯದಾದ ಟರ್ಬೊ ಡೀಸೆಲ್ ಕಾರು. ಲೀಟರಿಗೆ 18 ಕಿಲೋಮೀಟರು ಓಡುತ್ತಿದ್ದುದು 14ರ ಆಸುಪಾಸಿಗೆ ಇಳಿದಂತೆ ತೋರಿತು. ಎಂಟು ವರ್ಷಗಳಿಂದ ಅದನ್ನು ನಡೆಸುತ್ತಿದ್ದ ಚಾಲಕ ನಂಬಿಗಸ್ತನೆಂದು ಹೆಸರಾದವನು. ಆದರೂ ಯಜಮಾನರ ಮನಸ್ಸಿನಲ್ಲಿ ಮುಳ್ಳು ಹೊಕ್ಕಿತು. ಅವರು ಬಾಯಿಬಿಟ್ಟು ಏನನ್ನೂ ಅನ್ನಲಿಲ್ಲ; ಬಾಗಿಲ ಬದಿಯ ಮೊಳೆಯ ಮೇಲಿರುತ್ತಿದ್ದ ಕೀಲಿಕೈಯನ್ನು ತಮ್ಮ ಮೇಜಿನ ಸೆಳೆಖಾನೆಯಲ್ಲಿಟ್ಟು ಬೀಗ ಹಾಕತೊಡಗಿದರು. ಆಡದ ಆ ಮಾತು ಚಾಲಕನಿಗೆ ಕೇಳಿಸದೆ ಹೋಗಲಿಲ್ಲ.

ಮನೆಯಾಕೆ ಮಾತ್ರ ಒಪ್ಪಲಿಲ್ಲ. “ಅಳೆದು ನೋಡದೆ ಅನುಮಾನಪಡುವುದು ನ್ಯಾಯವಲ್ಲ. ನಾಳೆ ಮೈಸೂರಿಗೆ ಹೋಗಬೇಕಷ್ಟೆ. ಈ ಸಲ ನೀವೇ ನಡೆಸಿ ನೋಡಿ” ಎಂದರು.

ಅಳೆಯುವ ಕ್ರಮ ಸರಳ. ಬಂಕಿನಲ್ಲಿ ನಳಿಕೆ ತಾನಾಗಿ ಒಮ್ಮೆ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ, ಓಡಿದ ದೂರದ ಅಂಕಿಯನ್ನು ಬರೆದುಕೊಳ್ಳುವುದು. ಮರಳಿ ಬಂದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಹಿಡಿಸಿದ ಲೀಟರುಗಳಿಂದ ಭಾಗಿಸುವುದು. ಕಾರಿನ ಫಲಕವೇ ತೋರಿಸುವ ಸಂಖ್ಯೆ ಅಂದಾಜಿನದು. ಅದನ್ನೇ ಪ್ರಮಾಣವೆಂದು ಹಿಡಿಯಲಾಗದು. ಮೊದಲಿದ್ದುದಕ್ಕಿಂತ ದೊಡ್ಡ ಅಳತೆಯ ಟೈರು ಹಾಕಿಸಿದ್ದರೆ ದೂರವೂ ಕಡಿಮೆಯಾಗಿ ಕಾಣುವುದೆಂಬುದನ್ನು ಮರೆಯಬಾರದು.

ಯಜಮಾನರು ಹೋಗಿಬಂದ ದೂರ 306 ಕಿಲೋಮೀಟರು; ಹಿಡಿಸಿದ ಡೀಸೆಲ್ 22 ಲೀಟರು. ಎರಡು ವರ್ಷದ ಹಿಂದೆ ಇದೇ ಪ್ರಯಾಣಕ್ಕೆ 17 ಲೀಟರು ಸಾಕಾಗಿತ್ತೆಂದು ಮನೆಯಾಕೆಯ ಲೆಕ್ಕದ ಪುಸ್ತಕ ಹೇಳಿತು. ಕಾರು ಅವರ ಕೈಬಿಟ್ಟು ಕದಲಿರಲಿಲ್ಲ. ಐದು ಲೀಟರು ಕದ್ದುದು ಕಾರೇ ಹೊರತು ಚಾಲಕನಲ್ಲ!

ಇನ್ನು ಕಾರಿನ ವಿಚಾರಣೆ. ಎಂಜಿನು ಹೊರಗೆ ಬಿಡುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನಿಗೆ ಉಣಿಸುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಕಲ್ಪನೆಗೆ ಪೇಟೆಂಟ್ ಪಡೆದುದು 1905ರಲ್ಲಿ. ಇಂದಿನ ಕಾರುಗಳಲ್ಲಿ ಈ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವುದುಂಟು. ಒತ್ತಿದ ಗಾಳಿ ಕಾಯುವುದರಿಂದ, ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಅದನ್ನು ತಣಿಸಿ, ರಬ್ಬರಿನ ಕೊಳವೆಗಳ ಮೂಲಕ ಎಂಜಿನಿಗೆ ಒಯ್ಯುತ್ತಾರೆ. ವರ್ಷಗಳ ಶಾಖಕ್ಕೂ ಎಣ್ಣೆಯ ಪಸೆಗೂ ಈ ಕೊಳವೆಗಳು ಬಿರುಕುಬಿಡುತ್ತವೆ. ಆಗ ಒತ್ತಿದ ಗಾಳಿ ದಾರಿಯಲ್ಲೇ ಸೋರಿಹೋಗುತ್ತದೆ. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಬಲ ಸಾಲದೆಂದು ನಡೆಸುವವರು ಪೆಡಲನ್ನು ಮತ್ತಷ್ಟು ತುಳಿಯುತ್ತಾರೆ.

ಕಾರು ನೋಡಿದ ಮೊದಲ ಮೆಕ್ಯಾನಿಕ್ಕು, “ಟರ್ಬೊ ಹೋಗಿದೆ ಸಾರ್, ಹೊಸದೇ ಹಾಕಿಸಬೇಕು” ಎಂದುಬಿಟ್ಟ. ಆ ಮಾತಿಗೆ ಒಡನೆಯೇ ತಲೆದೂಗುವುದು ವಿವೇಕವಲ್ಲ. ಖರ್ಚು ಕಡಿಮೆಯಿರುವ ಪರೀಕ್ಷೆಯಿಂದ ತೊಡಗಿ ಹೆಚ್ಚಿನದರತ್ತ ಸಾಗುವುದೇ ಬಲ್ಲವರ ಪದ್ಧತಿ.

ಮೊದಲು ಟೈರುಗಳ ಗಾಳಿ; ಕಾರು ತಣ್ಣಗಿರುವಾಗ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವ ಅಳತೆಗೆ ಸರಿಯಾಗಿರಬೇಕು. ಎರಡನೆಯದು ಗಾಳಿ ಸೋಸುವ ಫಿಲ್ಟರು. ಮೂರನೆಯದು ಬ್ರೇಕು, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಗಾಲಿ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಬ್ರೇಕು ಹಿಡಿದುಕೊಂಡೇ ಇದೆಯೆಂದು ತಿಳಿಯಬೇಕು. ಕೈಯನ್ನು ಹತ್ತಿರ ತಂದರೆ ಸಾಕು, ಮುಟ್ಟಬಾರದು. ನಾಲ್ಕನೆಯದು ಥರ್ಮೊಸ್ಟಾಟ್, ಅದು ತೆರೆದೇ ನಿಂತರೆ ಎಂಜಿನು ಬೇಕಾದಷ್ಟು ಕಾಯದು. ಹೆದ್ದಾರಿಯಲ್ಲಿ ಶಾಖದ ಮುಳ್ಳು ಕೆಳಗಿಳಿಯುವುದೇ ಅದರ ಕುರುಹು. ಐದನೆಯದು ಟರ್ಬೊ ಕೊಳವೆಗಳು. ಏರಿನಲ್ಲಿ ಬುಸ್ಸೆನ್ನುವ ಸದ್ದು, ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಗಾಳಿ ತುಂಬಿ ಸೋರಿಕೆ ನೋಡಬೇಕೆಂದು ಮೆಕ್ಯಾನಿಕ್ಕನನ್ನು ಕೇಳಬೇಕು. ಟರ್ಬೊ ಒತ್ತಡವನ್ನು ಹತೋಟಿಯಲ್ಲಿಡುವ ಸಣ್ಣ ನಿರ್ವಾತದ ಕೊಳವೆ ಹರಿದಿದ್ದರೂ, ಮಸಿ ಕಟ್ಟಿ ಇಜಿಆರ್ ಕವಾಟ ಅಂಟಿಕೊಂಡಿದ್ದರೂ ಇದೇ ಫಲ. ಇವೆಲ್ಲವೂ ಸರಿಯಿದ್ದ ಮೇಲೆಯೇ ಟರ್ಬೊ ಬಿಚ್ಚುವ ಮಾತು. ಅದರ ಅಚ್ಚು ಕೊಂಚ ಅಲುಗುವುದು ಸಹಜ. ಚಕ್ರದ ಅಲಗು ಗೂಡಿಗೆ ತಗುಲುತ್ತಿದ್ದರೆ ಮಾತ್ರ ಅಪಾಯ.

ಆದರೆ ನೀಲಿ ಹೊಗೆ ಕಂಡು, ಎಂಜಿನ್ ಎಣ್ಣೆಯೂ ಇಳಿಯುತ್ತಿದ್ದರೆ ತಡಮಾಡಬಾರದು. ಟರ್ಬೊದಿಂದ ಸೋರಿದ ಎಣ್ಣೆಯನ್ನೇ ಇಂಧನವಾಗಿ ಉರಿಸಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಡೀಸೆಲ್ ಎಂಜಿನು ಹುಚ್ಚೆದ್ದು ಓಡುವ ಸಂಭವವಿದೆ.

ಪೆಟ್ರೋಲ್ ಟರ್ಬೊ ಕಾರಿನವರು ಇನ್ನೊಂದು ಅಂಶವನ್ನು ನೆನೆಯಬೇಕು. ಎಥೆನಾಲಿನಲ್ಲಿ ಲೀಟರೊಂದಕ್ಕೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಆದುದರಿಂದ ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿ ನೂರಕ್ಕೆ ಆರೇಳು ಪಾಲು ತಗ್ಗಿರುತ್ತದೆ. ಅಷ್ಟರಮಟ್ಟಿನ ಇಳಿಕೆ ಕಾರಿನ ದೋಷವಲ್ಲ.

ಬೆಂಗಳೂರಿನ ಆ ಕಾರಿನಲ್ಲಿ ಸಿಕ್ಕಿದ ತಪ್ಪುಗಳು ಎರಡು: ಇಂಟರ್‌ಕೂಲರಿನ ಕೊಳವೆಯ ಅಡಿಭಾಗದಲ್ಲಿ ಬೆರಳುದ್ದದ ಸೀಳು, ಹಿಂದಿನ ಎಡಗಾಲಿಯಲ್ಲಿ ಬಿಡದೆ ಹಿಡಿದ ಬ್ರೇಕು. ಟರ್ಬೊ ಗಟ್ಟಿಯಾಗಿತ್ತು. ದುರಸ್ತಿಯಾದ ಮೇಲೆ ಅದೇ ಮೈಸೂರು ಪ್ರಯಾಣಕ್ಕೆ ಹಿಡಿಸಿದುದು ಹದಿನೇಳೂವರೆ ಲೀಟರು. ಹಳೆಯ ಯಂತ್ರಕ್ಕೆ ಅಷ್ಟು ವಯೋಧರ್ಮ ಸಲ್ಲಬೇಕಾದುದೇ.

ಯಜಮಾನರು ಕೀಲಿಕೈಯನ್ನು ಮತ್ತೆ ಮೊಳೆಗೆ ತಗುಲಿಹಾಕಿ, “ನಿನ್ನನ್ನು ತಪ್ಪು ತಿಳಿದಿದ್ದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಪ್ಪ” ಎಂದರು.

ಚಾಲಕ ತಲೆತಗ್ಗಿಸಿ ಹೇಳಿದ: “ಆ ಹಿಂದಿನ ಗಾಲಿ ಕಾಯುತ್ತಿದ್ದುದನ್ನು ಎರಡು ತಿಂಗಳ ಕೆಳಗೇ ಕಂಡಿದ್ದೆ ಸ್ವಾಮಿ. ಹೇಳೋಣವೆಂದು ಬಂದ ದಿವಸ ತಾವು ಕೀಲಿಕೈಗೆ ಬೀಗ ಹಾಕುತ್ತಿದ್ದಿರಿ. ಹಾಗೆಯೇ ಹೊರಟುಹೋದೆ.”

ಕಾರಿನ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಬಲ್ಲವನು ದಿನವೂ ಅದನ್ನು ನಡೆಸುವವನು. ಸಂದೇಹಕ್ಕೆ ಮುನ್ನ ಅವನನ್ನೊಂದು ಮಾತು ಕೇಳಿದ್ದರೆ, ಎರಡು ತಿಂಗಳ ಡೀಸೆಲ್ಲೂ ಉಳಿಯುತ್ತಿತ್ತು, ಒಬ್ಬನ ಮಾನವೂ ಉಳಿಯುತ್ತಿತ್ತು.