ಟೇಬಲ್ ಮೇಲಿನ ಯುದ್ಧ, ಭಾಗ 6: ಮುಂದೆ ಹೋದವನು ವಾಪಸ್ ಬರ್ಬೇಕು

ಮೊದಲ ಫೋಟೋದಲ್ಲಿರೋ ಎರಡು ಕಾಲಿನ ಡಬ್ಬ ಏನು ಅಂತ ತುಂಬಾ ಜನ ಕೇಳಿದ್ರಿ. ರಟ್ಟಲ್ಲಿ ಮಾಡಿದ್ದು, ನಗ್ಬೇಡಿ. ಅದರ ಹೆಸರು ಸೆಂಟಿನೆಲ್. ವಾರ್‌ಹ್ಯಾಮರ್ 40,000 ಅನ್ನೋ ಆಟದ ಬೇಹುಗಾರಿಕೆ ವಾಹನ. ಹಿಂದಿನ ಭಾಗಗಳನ್ನ ಓದದೇ ಇರೋರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ, ಇದು ಪುಟ್ಟ ಗೊಂಬೆಗಳು, ದಾಳ ಮತ್ತೆ ಅಳತೆ ಟೇಪು ಇಟ್ಕೊಂಡು ಆಡೋ ಯುದ್ಧದಾಟ. 1987ರಲ್ಲಿ ಇಂಗ್ಲೆಂಡಲ್ಲಿ ಶುರುವಾಗಿದ್ದು.

ಆ ಕಥಾಲೋಕದಲ್ಲಿ ದೈತ್ಯ ಸೈನಿಕರಿದ್ದಾರೆ, ಕಟ್ಟಡದಷ್ಟು ಎತ್ತರದ ಯಂತ್ರಗಳಿವೆ. ಅವರ ಮಧ್ಯೆ ನಮ್ಮ ನಿಮ್ಮಂಥ ಮಾಮೂಲಿ ಮನುಷ್ಯರ ಸೈನ್ಯವೂ ಒಂದಿದೆ, ಇಂಪೀರಿಯಲ್ ಗಾರ್ಡ್. ಸೆಂಟಿನೆಲ್ ಅವರದ್ದು. ಒಳಗೆ ಒಬ್ಬನೇ ಚಾಲಕ. ಮಲ್ಟಿ ಲೇಸರೋ, ಆಟೋಕ್ಯಾನನ್ನೋ, ಬೆಂಕಿ ಉಗುಳೋ ಗನ್ನೋ ಒಂದು ಇರುತ್ತೆ. ಕಾಡಲ್ಲಿ ದಾರಿ ಮಾಡ್ಕೊಳ್ಳೋಕೆ ದೊಡ್ಡ ಗರಗಸವನ್ನೂ ಹಾಕಬಹುದು. ಒಂದೇ ಕಿಟ್‌ನಲ್ಲಿ ಎರಡು ಥರ ಕಟ್ಟಬಹುದು. ಆರ್ಮರ್ಡ್ ಸೆಂಟಿನೆಲ್ ಸುತ್ತ ಕವಚ ಮುಚ್ಚಿರೋದು. ಸ್ಕೌಟ್ ಸೆಂಟಿನೆಲ್ ತೆರೆದಿರೋದು, ಚಾಲಕನ ತಲೆ ಗಾಳಿಗೆ.

ನಮ್ಮ ಗುಂಪಲ್ಲಿ ಈ ಸ್ಕೌಟ್ ಬಗ್ಗೆ ಎರಡು ಪಾರ್ಟಿ ಇದೆ. ಮೊದಲನೇ ಪಾರ್ಟಿ ಹೇಳೋದು, "ಯುದ್ಧಕ್ಕೆ ಯಾರಾದ್ರೂ ತೆರೆದ ಗಾಡೀಲಿ ಹೋಗ್ತಾರಾ? ಕವಚ ಹಾಕು." ಎರಡನೇ ಪಾರ್ಟಿ ಹೇಳೋದು, "ಚೀಪ್ ಪೀಸ್ ಗುರು, ಮುಂದೆ ತಳ್ಳು, ಸತ್ರೆ ಸಾಯ್ಲಿ." ನಾನು ತುಂಬಾ ದಿನ ಎರಡನೇ ಪಾರ್ಟೀಲಿದ್ದೆ. ಈಗ ನನ್ನ ಅಭಿಪ್ರಾಯ: ಎರಡೂ ತಪ್ಪು.

ಯಾಕೆ ಬದಲಾದೆ ಅಂತ ನಿಜ ಹೇಳ್ಬಿಡ್ತೀನಿ. ಹೋದ ತಿಂಗಳು ಒಬ್ಬ ಜೂನಿಯರ್ ಆಟಕ್ಕೆ ಬಂದಿದ್ದ. ಎರಡು ರಾತ್ರಿ ಕೂತು ಹಳೇ ಶೂ ಡಬ್ಬ ಕತ್ತರಿಸಿ ಈ ಫೋಟೋದಲ್ಲಿರೋ ಸೆಂಟಿನೆಲ್ ಮಾಡ್ಕೊಂಡು ಬಂದಿದ್ದ. ಒಳಗೆ ಕೂತಿರೋ ಚಾಲಕನಿಗೆ ಪೆನ್ನಲ್ಲಿ ಮೀಸೆ ಕೂಡ ಬರೆದಿದ್ದ. ನಾವಿಬ್ರೂ ಒಂದೇ ಟೀಮು. ಮೊದಲನೇ ಟರ್ನಲ್ಲೇ ನಾನು ಅದನ್ನ ಶತ್ರು ಟ್ಯಾಂಕ್ ಎದುರಿಗೆ ತಳ್ಳಿಸಿದೆ. ಹೋಯ್ತು. "ಬಿಡು ಮಗಾ, ಅದು ಇರೋದೇ ಸಾಯೋಕೆ" ಅಂದೆ. ಎಲ್ರೂ ನಕ್ಕರು. ಉಳಿದ ಎರಡು ಗಂಟೆ ಅವನು ಸುಮ್ನೆ ಕೂತು ನೋಡ್ತಿದ್ದ. ಹೋಗುವಾಗ ಸೆಂಟಿನೆಲ್ ಇಲ್ಲೇ ಬಿಟ್ಟು ಹೋದ. ಮುಂದಿನ ಭಾನುವಾರ ಬರಲಿಲ್ಲ.

ಆಮೇಲೆ ಯೋಚನೆ ಮಾಡ್ದೆ. ಸ್ಕೌಟ್ ಅಂದ್ರೆ ನಮಗೆ ಯಾಕಿಷ್ಟು ಸದರ? ಕಾರಣ ಟೇಬಲ್ಲಲ್ಲೇ ಇದೆ ನೋಡಿ. ನಿಂತ್ಕೊಂಡು ನೋಡಿದ್ರೆ ನಿಮಗೆ ಶತ್ರುವಿನ ಪ್ರತಿ ಗೊಂಬೆನೂ ಕಾಣುತ್ತೆ. ನೀವು ದೇವರ ಸ್ಥಾನದಲ್ಲಿದ್ದೀರ. ಎಲ್ಲ ಕಾಣೋನಿಗೆ ನೋಡಿಕೊಂಡು ಬರೋನು ಯಾಕೆ ಬೇಕು? ಅದಕ್ಕೇ ಆಟದ ನಿಯಮ ಸ್ಕೌಟ್‌ಗೆ ಬೇರೆ ಕೆಲಸ ಕೊಡುತ್ತೆ. ಮೊದಲ ಟರ್ನ್‌ಗೂ ಮುಂಚೆ ಒಂದಿಷ್ಟು ದೂರ ಮುಂದೆ ಸರಿಯೋ ಅವಕಾಶ ಇರುತ್ತೆ. ಅದು ಒಳ್ಳೇದೇ, ಆದ್ರೆ ಬೇಹುಗಾರಿಕೆಯ ಅಸಲಿ ಬೆಲೆ, ಅಂದ್ರೆ ಮಾಹಿತಿ, ಟೇಬಲ್ ಮೇಲೆ ಪುಕ್ಕಟೆ ಆಗ್ಬಿಟ್ಟಿದೆ. ಪುಕ್ಕಟೆ ಸಿಗೋದಕ್ಕೆ ಯಾರು ಬೆಲೆ ಕಟ್ತಾರೆ?

ನಿಜವಾದ ಯುದ್ಧದಲ್ಲಿ ಅದು ಪುಕ್ಕಟೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಅಂತ ಒಂದು ಪಡೆ ಇತ್ತು. 1940ರಲ್ಲಿ ರಾಲ್ಫ್ ಬ್ಯಾಗ್ನೋಲ್ಡ್ ಈಜಿಪ್ಟಲ್ಲಿ ಕಟ್ಟಿದ್ದು. ಅವರ ಲಾರಿಗಳಿಗೆ ಚಾವಣಿ ಇಲ್ಲ, ಬಾಗಿಲಿಲ್ಲ, ಮೇಲೆ ಮೆಷಿನ್ ಗನ್. ಥೇಟ್ ಸ್ಕೌಟ್ ಸೆಂಟಿನೆಲ್. 1942ರಲ್ಲಿ ಅವರು ಲಿಬಿಯಾದಲ್ಲಿ, ಶತ್ರು ಗಡಿಯ ಎಷ್ಟೋ ಒಳಗೆ, ಟ್ರಿಪೋಲಿಯಿಂದ ಬೆಂಗಾಜಿಗೆ ಹೋಗೋ ರಸ್ತೆ ಪಕ್ಕ ಬಚ್ಚಿಟ್ಕೊಂಡು ವಾರಗಟ್ಟಲೆ ಒಂದೇ ಕೆಲಸ ಮಾಡಿದ್ರು. ಎಷ್ಟು ಟ್ಯಾಂಕ್ ಹೋಯ್ತು, ಎಷ್ಟು ಲಾರಿ ಹೋಯ್ತು, ಲೆಕ್ಕ ಬರ್ಕೊಳ್ಳೋದು. ಆಮೇಲೆ ಅದನ್ನ ರೇಡಿಯೋದಲ್ಲಿ ಕಳಿಸೋದು. ಗನ್ ಇತ್ತು, ಆದ್ರೆ ಹಾರಿಸಿದ್ರೆ ಕೆಲಸ ಕೆಟ್ಟಂಗೆ. ಬಿಕಾಂನೋರೇ, ನಾವು ಬೈಕೊಂಡು ಮಾಡೋ ಸ್ಟಾಕ್ ಎಂಟ್ರಿಯನ್ನ ಅವರು ಜೀವ ಒತ್ತೆ ಇಟ್ಟು ಮಾಡ್ತಿದ್ರು!

ಈಗ ಎರಡೂ ಪಾರ್ಟಿಗೆ ಉತ್ತರ. ಕವಚ ಹಾಕು ಅನ್ನೋರೇ, ಕವಚದೊಳಗೆ ಕೂತೋನಿಗೆ ಧೈರ್ಯ ಜಾಸ್ತಿ, ನೋಟ ಕಮ್ಮಿ. ಅವನು ಜಗಳಕ್ಕೆ ನಿಲ್ತಾನೆ, ನೋಡೋದು ಮರೀತಾನೆ. ತೆರೆದ ಗಾಡಿಯೋನು ನಾಲ್ಕೂ ಕಡೆ ನೋಡ್ತಾನೆ, ಓಡೋ ದಾರಿಯನ್ನ ಮೊದಲೇ ಹುಡುಕಿಟ್ಕೊಳ್ತಾನೆ. ಸತ್ರೆ ಸಾಯ್ಲಿ ಅನ್ನೋರೇ, ಸತ್ತ ಸ್ಕೌಟ್ ವರದಿ ಕೊಡಲ್ಲ. ಅವನ ಪಾಯಿಂಟ್ಸ್ ಕಮ್ಮಿ ಇರಬಹುದು, ಅವನ ಕಣ್ಣಿಗೆ ಬಿದ್ದಿದ್ದರ ಬೆಲೆ ಕಮ್ಮಿ ಅಲ್ಲ. ಕಾಸ್ಟ್ ಬೇರೆ, ವ್ಯಾಲ್ಯೂ ಬೇರೆ. ಇದನ್ನ ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೀತೀವಿ, ಟೇಬಲ್ ಹತ್ರ ಬಂದ ತಕ್ಷಣ ಮರೀತೀವಿ.

ಹೋದ ಭಾನುವಾರ ಒಂದು ಮನೆ ನಿಯಮ ಹಾಕಿ ಆಡಿದ್ವಿ. ಗೊಂಬೆಗಳ ಬದಲು ಎರಡೂ ಕಡೆ ಮಡಿಚಿದ ಚೀಟಿ. ಕೆಲವು ಚೀಟಿ ಬರೀ ಖಾಲಿ. ನಮ್ಮ ಪಡೆ ಹತ್ರ ಹೋದಾಗ ಮಾತ್ರ ಚೀಟಿ ಬಿಚ್ಚಬೇಕು, ಸ್ಕೌಟ್ ಆದ್ರೆ ದೂರದಿಂದಲೇ ಬಿಚ್ಚಿಸಬಹುದು. ಇದೇನು ಹೊಸ ಬುದ್ಧಿವಂತಿಕೆ ಅಲ್ಲ, 1989ರ ಸ್ಪೇಸ್ ಹಲ್ಕ್ ಆಟದಲ್ಲೇ ಶತ್ರುಗಳನ್ನ ಹಿಂಗೆ ಬಚ್ಚಿಡ್ತಾರೆ. ಆಟದ ಗತಿನೇ ಬದಲಾಯ್ತು. ಅರ್ಧ ಗಂಟೆಯಲ್ಲಿ "ಸತ್ರೆ ಸಾಯ್ಲಿ" ಪಾರ್ಟಿಯೋರೆಲ್ಲ ತಮ್ಮ ಸೆಂಟಿನೆಲ್‌ನ ಗೋಡೆ ಹಿಂದೆ ಜೋಪಾನ ಮಾಡ್ತಿದ್ರು. ನಾನು ಶೂ ಡಬ್ಬದ ಸೆಂಟಿನೆಲ್ ಆಡಿಸಿದೆ. ನಾಲ್ಕು ಚೀಟಿ ಬಿಚ್ಚಿಸಿ, ಮೀಸೆ ಸಮೇತ ವಾಪಸ್ ಬಂತು. ಕೊನೇ ಫೋಟೋ ನೋಡಿ.

ಜೂನಿಯರ್, ಇದನ್ನ ಓದ್ತಿದ್ರೆ ಕೇಳು. ಅವತ್ತು ನಾನು ಹೇಳಿದ್ದು ತಪ್ಪು. ನಿನ್ನ ಗಾಡಿ ನನ್ನ ಹತ್ರ ಭದ್ರವಾಗಿದೆ. ಭಾನುವಾರ ಹನ್ನೊಂದಕ್ಕೆ ಬಾ. ನೀನು ಏನು ನೋಡ್ದೆ ಅಂತ ಹೇಳು, ನಾವು ಕೇಳಿಸ್ಕೊಂಡು ಆಮೇಲೆ ಹೆಜ್ಜೆ ಇಡ್ತೀವಿ.

ಉಳಿದೋರು ಕಾಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ: ಕವಚನಾ, ಕಣ್ಣಾ?