ಡಿಎನ್‌ಎ ತಿದ್ದಲು ಬಂತು, ಪೋಡಿಗೆ ತಲುಪಿಸಲು?

2023ರ ನವೆಂಬರ್ 16ರಂದು ಬ್ರಿಟನ್, ಡಿಸೆಂಬರ್ 8ರಂದು ಅಮೆರಿಕ ‘ಕ್ಯಾಸ್ಜೆವಿ’ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಕ್ರಿಸ್ಪರ್ ತಂತ್ರದಿಂದ ರೋಗಿಯ ಡಿಎನ್‌ಎ ತಿದ್ದಿ ಕಾಯಿಲೆಯನ್ನು ಹತೋಟಿಗೆ ತರುವ ಮೊದಲ ಅಧಿಕೃತ ಚಿಕಿತ್ಸೆ ಅದು. ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪಾಂಟಿಯೆ ಕ್ರಿಸ್ಪರ್ ಕುರಿತು ಪ್ರಬಂಧ ಪ್ರಕಟಿಸಿದ್ದು 2012ರಲ್ಲಿ. ಪ್ರಯೋಗಾಲಯದಿಂದ ಆಸ್ಪತ್ರೆಗೆ ಬರಲು ಹಿಡಿದದ್ದು ಹನ್ನೊಂದೇ ವರ್ಷ. ಕಾಯಿಲೆಯ ಹೆಸರು ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ. ಅಮೆರಿಕದಲ್ಲಿ ಒಬ್ಬ ರೋಗಿಗೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ₹18 ಕೋಟಿ.

ಅದೇ ವರ್ಷ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಇದೇ ಕಾಯಿಲೆಯ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭಿಸಿದರು. ಕರ್ನಾಟಕವೂ ಸೇರಿ 17 ರಾಜ್ಯಗಳು, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಎಂಬುದು ಅದರ ಗುರಿ. ಲಂಡನ್‌ನಲ್ಲಿ ಬಿದ್ದ ಮೊಹರು, ಶಹಡೋಲ್‌ನಲ್ಲಿ ಆದ ಘೋಷಣೆ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಡಿಎನ್‌ಎ, ಆರ್‌ಎನ್‌ಎ ಸಂಶೋಧನೆ ವೈದ್ಯಕೀಯವನ್ನು ಬದಲಿಸಿದೆ ಎನ್ನುವ ಮಾತಿಗೆ ಅರ್ಥವಿಲ್ಲ.

ಆಧುನಿಕ ಜೀವವಿಜ್ಞಾನ ಈ ಕಾಯಿಲೆಗೆ ಎಷ್ಟು ಋಣಿ ಎಂಬುದು ಅನೇಕರಿಗೆ ಗೊತ್ತಿಲ್ಲ. 1910ರಲ್ಲಿ ಷಿಕಾಗೊದ ವೈದ್ಯ ಜೇಮ್ಸ್ ಹೆರಿಕ್, ಕೆರಿಬಿಯನ್ ದ್ವೀಪ ಗ್ರೆನಡಾದಿಂದ ಬಂದಿದ್ದ ದಂತವೈದ್ಯಕೀಯ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕೆಂಪುಕಣಗಳ ಬಗ್ಗೆ ಬರೆದರು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ಇದನ್ನು ‘ಅಣುವಿನ ಕಾಯಿಲೆ’ ಎಂದು ಕರೆಯಿತು. ರೋಗವೊಂದರ ಬೇರು ಒಂದೇ ಒಂದು ಪ್ರೋಟೀನಿನ ರಚನೆಯಲ್ಲಿದೆ ಎಂದು ಆಗ ಮೊದಲ ಬಾರಿಗೆ ಕಂಡಿತು. 1950ರ ದಶಕದ ನಡುವೆ ಕೇಂಬ್ರಿಜ್‌ನಲ್ಲಿ ವೆರ್ನನ್ ಇಂಗ್ರಾಮ್ ಇನ್ನೂ ಆಳಕ್ಕೆ ಇಳಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 146 ಅಮೈನೊ ಆಮ್ಲಗಳಲ್ಲಿ ಆರನೆಯದೊಂದೇ ಬದಲಾಗಿತ್ತು, ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಕೂತಿತ್ತು. ಡಿಎನ್‌ಎಯಲ್ಲಿ ಅದು ಒಂದಕ್ಷರದ ವ್ಯತ್ಯಾಸ, ‘ಎ’ ಇರಬೇಕಾದ ಕಡೆ ‘ಟಿ’.

ಡಿಎನ್‌ಎ ಅಕ್ಷರಗಳ ಸಹಜ ವ್ಯತ್ಯಾಸ ನೋಡಿ ಗರ್ಭದ ಶಿಶುವಿನ ಕಾಯಿಲೆ ಪತ್ತೆಮಾಡುವ ದಾರಿಯನ್ನು 1978ರಲ್ಲಿ ವೈ.ಡಬ್ಲ್ಯು. ಕಾನ್ ತೋರಿಸಿಕೊಟ್ಟದ್ದೂ ಸಿಕಲ್ ಸೆಲ್‌ನಲ್ಲೇ. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಮಾತು ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೂ ಓಡಾಡಿತಲ್ಲ, ಅದರ ಮೂಲವಾದ ಪಿಸಿಆರ್ ತಂತ್ರ 1985ರ ಡಿಸೆಂಬರಿನಲ್ಲಿ ಮೊದಲು ಅಚ್ಚಾದ ಪ್ರಬಂಧದ ವಿಷಯವೂ ಈ ಕಾಯಿಲೆಯ ಪತ್ತೆಯೇ. ಹೊಸ ಸಾಧನ ಬಂದಾಗ ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿಕೊಂಡದ್ದು ಈ ರಕ್ತ. ಆ ರಕ್ತ ಹೊತ್ತವರಲ್ಲಿ ಹೆಚ್ಚಿನವರು ಆಫ್ರಿಕಾ ಮೂಲದವರು, ಭಾರತದಲ್ಲಿ ಆದಿವಾಸಿಗಳು. ಔಷಧದ ಸರತಿ ಸಾಲಿನಲ್ಲಿ ಮಾತ್ರ ಅವರು ಕೊನೆಯಲ್ಲೇ ನಿಂತರು.

ಕ್ಯಾಸ್ಜೆವಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ತಪ್ಪಿರುವ ಆ ಒಂದಕ್ಷರವನ್ನು ತಿದ್ದುತ್ತಾರೆ ಎಂದುಕೊಂಡವರೇ ಹೆಚ್ಚು. ಈ ಚಿಕಿತ್ಸೆ ಅದನ್ನು ಮುಟ್ಟುವುದೇ ಇಲ್ಲ. 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದು ವಿಚಿತ್ರ ಗಮನಿಸಿದ್ದರು. ಈ ಕಾಯಿಲೆಯೊಂದಿಗೇ ಹುಟ್ಟಿದ ಕೂಸುಗಳಲ್ಲಿ ಮೊದಲ ಕೆಲವು ತಿಂಗಳು ಲಕ್ಷಣ ಕಾಣುವುದಿಲ್ಲ. ಗರ್ಭದಲ್ಲಿದ್ದಾಗ ತಯಾರಾಗುವ ಭ್ರೂಣ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ಉಳಿದಿರುವುದೇ ಅದಕ್ಕೆ ಕಾರಣ. ಅದು ನಿಲ್ಲುತ್ತಾ ಬಂದ ಹಾಗೆ ನೋವು ಶುರು. ಹಾಗಾದರೆ ಅದನ್ನು ನಿಲ್ಲಿಸುವುದು ಯಾರು? ಉತ್ತರಕ್ಕೆ ಅರವತ್ತು ವರ್ಷ ಕಾಯಬೇಕಾಯಿತು. 2008ರಲ್ಲಿ ಬಾಸ್ಟನ್‌ನ ವಿಜಯ್ ಶಂಕರನ್ ಮತ್ತು ಸ್ಟುವರ್ಟ್ ಆರ್ಕಿನ್, ‘ಬಿಸಿಎಲ್11ಎ’ ಎಂಬ ವಂಶವಾಹಿಯೇ ಆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಅದನ್ನು ಪೂರ್ತಿ ಸುಮ್ಮನಾಗಿಸಿದರೆ ದೇಹದ ಬೇರೆ ಕೆಲಸಗಳು ಕೆಡುತ್ತವೆ. ರಕ್ತಕಣದಲ್ಲಿ ಮಾತ್ರ ಅದನ್ನು ಚುರುಕುಗೊಳಿಸುವ ತುಣುಕು ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು, ಯಾವ ಪ್ರೋಟೀನಿಗೂ ಸಂಕೇತವಿಲ್ಲದ ಡಿಎನ್‌ಎ ಭಾಗದಲ್ಲಿ. ಒಂದು ಕಾಲಕ್ಕೆ ಕಸ ಎಂದು ವಿಜ್ಞಾನಿಗಳೇ ತಳ್ಳಿಹಾಕಿದ್ದ ಪ್ರದೇಶ ಅದು! ಕ್ರಿಸ್ಪರ್ ಕತ್ತರಿಸುವುದು ಅಲ್ಲಿ. ಎಲ್ಲಿ ಕತ್ತರಿಸಬೇಕೆಂದು ದಾರಿ ತೋರುವುದು ಸುಮಾರು 20 ಅಕ್ಷರಗಳನ್ನು ಹೊಂದಿಸಿ ನೋಡುವ ಪುಟ್ಟ ಆರ್‌ಎನ್‌ಎ.

ಮೊದಲ ಪರೀಕ್ಷೆಯಲ್ಲಿ ಸಾಕಷ್ಟು ಕಾಲ ಗಮನದಲ್ಲಿಟ್ಟ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಿಕ್ಕಟ್ಟು ಬರಲಿಲ್ಲ. ಮೂಳೆ ಮುರಿದಂಥ ನೋವಿನಿಂದ ವರ್ಷಕ್ಕೆ ಹಲವು ಸಲ ಆಸ್ಪತ್ರೆ ಸೇರುತ್ತಿದ್ದವರಿಗೆ ಇದು ಎಂಥ ಬಿಡುಗಡೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಇದರಲ್ಲಿ ದುಬಾರಿಯಾದದ್ದು ಕತ್ತರಿಯೊಂದೇ ಅಲ್ಲ. ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು, ತಿದ್ದಿ, ಗುಣಮಟ್ಟ ಪರೀಕ್ಷಿಸಿ ಹಿಂತಿರುಗಿಸಲು ತಿಂಗಳುಗಳೇ ಬೇಕು. ಒಳಹಾಕುವ ಮುನ್ನ ಬುಸಲ್ಫಾನ್ ಎಂಬ ಕೀಮೋ ಔಷಧದಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು. ವಾರಗಟ್ಟಲೆ ಸೋಂಕಿಲ್ಲದ ಕೋಣೆಯಲ್ಲಿ ಇರಿಸಬೇಕು. ಸಂತಾನಶಕ್ತಿ ಕಳೆದುಕೊಳ್ಳುವ ಅಪಾಯವೂ ಇದೆ. ಬೆಲೆಯನ್ನು ನಾಳೆ ಹತ್ತನೇ ಒಂದಕ್ಕೆ ಇಳಿಸಿದರೂ ಇಂಥ ಕೋಣೆಗಳು ಆದಿವಾಸಿಗಳಿರುವ ಚಾಮರಾಜನಗರದಲ್ಲೋ ಎಚ್.ಡಿ. ಕೋಟೆಯಲ್ಲೋ ತಾವಾಗಿ ಹುಟ್ಟುವುದಿಲ್ಲ.

ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಕಾಯಿಲೆಯ ವಂಶವಾಹಿ ಇದೆಯೆಂದು ಸಂಶೋಧಕರಾದ ಲೆಹ್ಮನ್ ಮತ್ತು ಕಟ್‌ಬುಶ್ ಬರೆದದ್ದು 1952ರಲ್ಲಿ. ಗಡಿಯ ಈಚೆ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಡಾ. ಎಚ್. ಸುದರ್ಶನ್ ಮತ್ತು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಕಾಯಿಲೆಯ ಬೆನ್ನುಬಿದ್ದು ದಶಕಗಳೇ ಆದವು. ಅಂದರೆ ನಮಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಈಗ ಅಭಿಯಾನದಲ್ಲಿ 2025ರ ಮಧ್ಯದ ಹೊತ್ತಿಗೆ ದೇಶದಾದ್ಯಂತ 6 ಕೋಟಿ ಜನರ ತಪಾಸಣೆ ಆಗಿದೆ, 2 ಲಕ್ಷಕ್ಕೂ ಹೆಚ್ಚು ರೋಗಿಗಳು, 16 ಲಕ್ಷಕ್ಕೂ ಹೆಚ್ಚು ವಾಹಕರು (ಕಾಯಿಲೆ ಇಲ್ಲದೆ ಅದರ ವಂಶವಾಹಿ ಮಾತ್ರ ಹೊತ್ತವರು) ಪತ್ತೆಯಾಗಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ನನ್ನ ತಕರಾರು ಎಣಿಕೆಯ ಬಗ್ಗೆ ಇಲ್ಲ, ಎಣಿಸಿದ ಮೇಲೆ ಏನು ಎಂಬುದರ ಬಗ್ಗೆ.

ತಪಾಸಣೆಯಾದವರ ಕೈಗೆ ಬಣ್ಣದ ಗುರುತಿನ ಕಾರ್ಡು ಬರುತ್ತದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಹಾಗಾಗಿ ಮದುವೆಗೆ ಮುಂಚೆ ಕಾರ್ಡು ಹೋಲಿಸಿ ನೋಡಿ ಎಂಬುದು ಸಲಹೆ. ಜಾತಕದ ಜೊತೆಗೆ ಇದೂ ಒಂದಿರಲಿ ಎನ್ನುವವರಿದ್ದಾರೆ. ಗ್ರೀಸಿನ ಆರ್ಕೊಮೆನೊಸ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ಇದೇ ಪ್ರಯೋಗ ನಡೆದಿತ್ತು. ವಾಹಕರೆನಿಸಿಕೊಂಡವರಿಗೆ ಕಳಂಕ ಅಂಟಿತು, ಕೆಲವರು ವಿಷಯ ಮುಚ್ಚಿಟ್ಟು ಮದುವೆಯಾದರು. ಅಮೆರಿಕದಲ್ಲಿ ಆ ಹೊತ್ತಿಗೆ ಆರೋಗ್ಯವಂತ ಕಪ್ಪುಜನ ವಾಹಕರು ಎಂಬ ಕಾರಣಕ್ಕೇ ಕೆಲಸ, ವಿಮೆ ಕಳೆದುಕೊಂಡರು. ಅಲ್ಲಿನ ವಾಯುಪಡೆ ಅಕಾಡೆಮಿ 1981ರವರೆಗೂ ಅಂಥವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಈ ಕಾರ್ಡಿನ ಭಾರ ಯಾರ ಮೇಲೆ ಬೀಳುತ್ತದೆಂದು ಊಹಿಸುವುದು ಕಷ್ಟವಲ್ಲ. ಸಂಬಂಧ ಮುರಿದರೆ ಮಾತು ಕೇಳಬೇಕಾದವಳು ಹುಡುಗಿ. ವಾಹಕತನ ಕಾಯಿಲೆಯೇ ಅಲ್ಲ, ಮಲೇರಿಯಾದಿಂದ ಪೂರ್ವಿಕರನ್ನು ಕಾಪಾಡಿದ ಗುಣ ಅದು ಎಂಬುದನ್ನು 1954ರಲ್ಲೇ ಆಂಥನಿ ಆಲಿಸನ್ ತೋರಿಸಿದ್ದರು. ಕಾರ್ಡು ಕೊಡುವವರು ಈ ಮಾತನ್ನೂ ಜನರ ನುಡಿಯಲ್ಲಿ ಹೇಳಬೇಕು.

ಔಷಧದ ವಿಷಯ. ಹೈಡ್ರಾಕ್ಸಿಯೂರಿಯಾ ಹಳೆಯ, ಅಗ್ಗದ ಗುಳಿಗೆ. ಅದು ಮಾಡುವುದೂ ಮುಖ್ಯವಾಗಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸುವ ಕೆಲಸವನ್ನೇ, ₹18 ಕೋಟಿಯ ಚಿಕಿತ್ಸೆಯಷ್ಟು ಬಲವಾಗಿ ಅಲ್ಲದಿದ್ದರೂ. ಆದರೆ ಅದನ್ನು ತಿನ್ನುವವರ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡುತ್ತಿರಬೇಕು. ಪೋಡಿನಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ಲ್ಯಾಬ್ ಟೆಕ್ನಿಷಿಯನ್ ಇಲ್ಲ, ಮುಂದಿನ ವಾರ ಬನ್ನಿ’ ಎಂದರೆ ಎರಡನೇ ಸಲ ಅವರು ಬರುವುದಿಲ್ಲ. ಅಭಿಯಾನದ ಯಶಸ್ಸನ್ನು ಹಂಚಿದ ಕಾರ್ಡುಗಳ ಬದಲು, ವರ್ಷವಿಡೀ ತಪ್ಪದೆ ಗುಳಿಗೆ ಸಿಕ್ಕ ರೋಗಿಗಳ ಸಂಖ್ಯೆಯಿಂದ ಅಳೆಯಬೇಕು. ಆ ಅಂಕಿಯನ್ನು ಜಿಲ್ಲಾವಾರು ಪ್ರಕಟಿಸಬೇಕು.

ಹಾಗೆಂದು, ಬಡ ದೇಶಕ್ಕೆ ಗುಳಿಗೆ ಸಾಕು, ವಂಶವಾಹಿ ಚಿಕಿತ್ಸೆಯ ಗೊಡವೆ ಬೇಡ ಎನ್ನುವ ವಾದವನ್ನೂ ಒಪ್ಪಲಾರೆ. ವೆಲ್ಲೂರಿನ ಸಿಎಂಸಿ ಮತ್ತು ಬೆಂಗಳೂರಿನ ಇನ್‌ಸ್ಟೆಮ್‌ನ ಅಂಗವಾಗಿ ವೆಲ್ಲೂರಿನಲ್ಲೇ ಇರುವ ಆಕರಕೋಶ ಸಂಶೋಧನಾ ಕೇಂದ್ರ ಹಿಮೋಫಿಲಿಯಾ ಇದ್ದ ಐವರಿಗೆ ವಂಶವಾಹಿ ಚಿಕಿತ್ಸೆ ಕೊಟ್ಟು, ರಕ್ತಸ್ರಾವ ನಿಂತದ್ದನ್ನು 2024ರ ಕೊನೆಯಲ್ಲಿ ವರದಿ ಮಾಡಿವೆ. ದೆಹಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಐಜಿಐಬಿ ಸಿಕಲ್ ಸೆಲ್‌ಗಾಗಿಯೇ ರೂಪಿಸಿದ, ಆದಿವಾಸಿ ನಾಯಕ ಬಿರ್ಸಾ ಮುಂಡಾ ಹೆಸರಿನ ‘ಬಿರ್ಸಾ 101’ ಕ್ರಿಸ್ಪರ್ ಚಿಕಿತ್ಸೆ 2025ರ ನವೆಂಬರಿನಲ್ಲಿ ಅನಾವರಣಗೊಂಡಿತು. ತಯಾರಿಕೆಗೆ ಐಜಿಐಬಿ ಖಾಸಗಿ ಕಂಪನಿ ಸೀರಮ್ ಇನ್‌ಸ್ಟಿಟ್ಯೂಟ್ ಜೊತೆ ಕೈಜೋಡಿಸಿದೆ. ಕೈಚಳಕ ನಮ್ಮಲ್ಲಿದೆ.

ಮುಂದಿನ ದಾರಿ ಮಾತ್ರ ಆರ್‌ಎನ್‌ಎ ಕಡೆಗೇ ಹೋಗುತ್ತದೆ ಎಂದು ನನಗೆ ತೋರುತ್ತದೆ. ಕಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ಮಾಡಿದ ಕೆಲಸದಿಂದ ಎಂಆರ್‌ಎನ್‌ಎ ದೇಹದಲ್ಲಿ ಉರಿಯೂತ ಎಬ್ಬಿಸದೆ ಒಳಹೋಗುವುದು ಸಾಧ್ಯವಾಯಿತು, ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಅದರಿಂದಲೇ ಬಂದವು. 2025ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ವೈದ್ಯರು, ಹುಟ್ಟಿನಿಂದ ಯಕೃತ್ತಿನ ಅಪರೂಪದ ದೋಷವಿದ್ದ ಒಂದು ಕೂಸಿಗೆಂದೇ ತಯಾರಿಸಿದ ತಿದ್ದುಪಡಿ ಔಷಧವನ್ನು ಎಂಆರ್‌ಎನ್‌ಎ ರೂಪದಲ್ಲಿ, ಕೊಬ್ಬಿನ ಕಣಗಳಲ್ಲಿ ಸುತ್ತಿ ನೇರ ರಕ್ತನಾಳಕ್ಕೆ ಕೊಟ್ಟದ್ದನ್ನು ಪ್ರಕಟಿಸಿದರು. ಕೋಶಗಳನ್ನು ಹೊರತೆಗೆಯಲಿಲ್ಲ, ಕೀಮೋ ಇರಲಿಲ್ಲ. ಯಕೃತ್ತಿಗೆ ತಲುಪಿಸುವುದು ಸುಲಭ, ಅಸ್ಥಿಮಜ್ಜೆಗೆ ಇನ್ನೂ ಕಷ್ಟ. ಆ ಕಷ್ಟ ನೀಗಿದ ದಿನ ಸಿಕಲ್ ಸೆಲ್ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯ ಡ್ರಿಪ್ ಸ್ಟ್ಯಾಂಡಿಗೆ ಬಂದೀತು. ನಮ್ಮ ಸಂಶೋಧನೆಯ ಹಣ ಮೊದಲು ಹರಿಯಬೇಕಾದದ್ದು ಈ ತಲುಪಿಸುವ ತಂತ್ರದ ಕಡೆಗೆ.

ಅಲ್ಲಿಯವರೆಗೆ ಸರ್ಕಾರದ ಕೈಯಲ್ಲೇ ಇರುವ ಒಂದು ಕೆಲಸವಿದೆ. ಬಿರ್ಸಾ 101 ಸಾರ್ವಜನಿಕ ಹಣದಿಂದ ಬೆಳೆದದ್ದು. ಅದರ ತಂತ್ರಜ್ಞಾನ ಖಾಸಗಿ ಕಂಪನಿಗೆ ಹೋಗುವಾಗ ಒಪ್ಪಂದದಲ್ಲಿ ಗರಿಷ್ಠ ಬೆಲೆ ಎಷ್ಟೆಂದು ಬರೆಯಬೇಕು, ಆ ಖರ್ಚನ್ನು ಆಯುಷ್ಮಾನ್ ಭಾರತ್‌ನಂಥ ಯಾವ ಯೋಜನೆ ಭರಿಸುತ್ತದೆ ಎಂದು ಈಗಲೇ ಹೇಳಬೇಕು. ಪರೀಕ್ಷೆಗೆ ಒಡ್ಡಿಕೊಳ್ಳುವ ಆದಿವಾಸಿ ರೋಗಿಗಳಿಗೆ, ಪರೀಕ್ಷೆ ಮುಗಿದ ಮೇಲೂ ಆರೈಕೆಯ ಖಾತರಿ ಲಿಖಿತವಾಗಿ ಸಿಗಬೇಕು. ಈ ಕಲಂಗಳನ್ನು ವ್ಯಾಪಾರದ ಗುಟ್ಟು ಎಂದು ಮುಚ್ಚಿಡದೆ ಸಂಸತ್ತಿನ ಮುಂದೆ ಮಂಡಿಸಬೇಕು.